ಕ್ವೆರ್ಸೆಟಿನ್ ಮಾತ್ರೆ ತಗೋಬೇಕಾ? ದಾವಣಗೆರೆ, ಚಿತ್ರದುರ್ಗದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ನಡೆಸುವ ಫಾರ್ಮಸಿಸ್ಟ್. ಕೊರೊನಾ ಬಂದು ಹೋದ ಮೇಲೆ ಕೌಂಟರ್ ಮುಂದೆ ಹೊಸ ಹೆಸರೊಂದು ಕೇಳಿಬರುತ್ತಿದೆ: ಕ್ವೆರ್ಸೆಟಿನ್. ಕೆಲವರು ಮೊಬೈಲ್‌ನಲ್ಲಿ ಫೋಟೊ ತೋರಿಸುತ್ತಾರೆ. ಕೆಲವರು ಆನ್‌ಲೈನ್‌ನಲ್ಲಿ ತರಿಸಿದ ಡಬ್ಬಿಯನ್ನೇ ಹಿಡಿದು ಬಂದು "ಇದನ್ನ ಹೆಂಗೆ ತಗೋಬೇಕು?" ಅಂತ ಕೇಳುತ್ತಾರೆ. ಕೊಂಡಿದ್ದು ಅಲ್ಲಿ, ಸಲಹೆ ಮಾತ್ರ ಇಲ್ಲಿ. ಇರಲಿ ಬಿಡಿ. ಜಗಳೂರು, ಹರಿಹರ, ಚಳ್ಳಕೆರೆ, ಹಿರಿಯೂರು ಕಡೆಯಿಂದ ಬರುವವರು ಕೇಳುವುದನ್ನೆಲ್ಲ ಸೇರಿಸಿ ಉತ್ತರ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಒಂದು ಮಾತ್ರೆ ಇನ್ನೊಂದು ಮಾತ್ರೆಗೆ ಅಡ್ಡ ಬರುತ್ತದಾ ಅಂತ ನೋಡುವುದು ನನ್ನ ಕಸುಬು. ಹಾಗಾಗಿ ಆ ಭಾಗ ಇಲ್ಲಿ ಸ್ವಲ್ಪ ಜಾಸ್ತಿಯೇ ಇದೆ.

ಕ್ವೆರ್ಸೆಟಿನ್ ಅಂದ್ರೆ ಏನು?

ಗಿಡಗಳಲ್ಲಿ ಇರುವ ಹಳದಿ ಬಣ್ಣದ ಒಂದು ವಸ್ತು. ಫ್ಲೇವನಾಯ್ಡ್ ಅನ್ನುವ ದೊಡ್ಡ ಗುಂಪಿಗೆ ಸೇರಿದ್ದು. ಈರುಳ್ಳಿ, ಸಬ್ಬಸಿಗೆ ಸೊಪ್ಪು, ಕೊತ್ತಂಬರಿ ಸೊಪ್ಪು, ನುಗ್ಗೆ ಸೊಪ್ಪು, ಸೇಬಿನ ಸಿಪ್ಪೆ, ಚಹಾ, ಎಲ್ಲದರಲ್ಲೂ ಇದೆ. ಇದು ವಿಟಮಿನ್ ಅಲ್ಲ. 1936ರಲ್ಲಿ ಹಂಗೇರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್ ಗ್ಯೋರ್ಗಿ ಮತ್ತು ಅವರ ಸಂಗಡಿಗರು ಈ ಥರದ ವಸ್ತುಗಳಿಗೆ "ವಿಟಮಿನ್ ಪಿ" ಅಂತ ಹೆಸರಿಟ್ಟಿದ್ದರು. ಆಮೇಲೆ ಆ ಹೆಸರು ಬಿದ್ದುಹೋಯಿತು. ಯಾಕಂದ್ರೆ ಇದು ಇಲ್ಲದಿದ್ದರೆ ಇಂಥದ್ದೇ ಕಾಯಿಲೆ ಬರುತ್ತದೆ ಅಂತ ತೋರಿಸಲು ಆಗಲಿಲ್ಲ. ಆದ್ದರಿಂದ "ನಿಮಗೆ ಕ್ವೆರ್ಸೆಟಿನ್ ಕೊರತೆ ಇದೆ" ಅಂತ ಯಾರಾದರೂ ಹೇಳಿದರೆ ಡಬ್ಬಿ ಮಾರಲು ಬಂದಿದ್ದಾರೆ ಅಂತ ತಿಳಿಯಿರಿ.

ಮಾತ್ರೆಯನ್ನು ಈರುಳ್ಳಿಯಿಂದ ಮಾಡ್ತಾರಾ?

ಹೆಚ್ಚಾಗಿ ಇಲ್ಲ. ಡಬ್ಬಿ ಮೇಲೆ ಈರುಳ್ಳಿ, ಸೇಬಿನ ಚಿತ್ರ ಇರುತ್ತದೆ, ನೋಡಲು ಚೆಂದ. ಒಳಗಿರುವುದು ಬಹಳ ಸಲ ಚೀನಾದಲ್ಲಿ ಬೆಳೆಯುವ ಸೊಫೊರಾ ಅನ್ನುವ ಮರದ ಹೂಮೊಗ್ಗಿನಿಂದ ತೆಗೆದದ್ದು. ಆ ಮೊಗ್ಗಿನಲ್ಲಿ ರುಟಿನ್ ಅನ್ನುವ ವಸ್ತು ತುಂಬ ಇರುತ್ತದೆ. ಅದನ್ನು ಒಡೆದು ಕ್ವೆರ್ಸೆಟಿನ್ ಮಾಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಚಿತ್ರ ನೋಡಿ ದುಡ್ಡು ಕೊಡಬೇಡಿ ಅಷ್ಟೇ.

ನಮ್ಮ ಹೊಲದಲ್ಲೇ ಈರುಳ್ಳಿ ಬೆಳೀತೀವಿ. ಅದನ್ನೇ ತಿಂದರೆ ಸಾಲದಾ?

ಚಳ್ಳಕೆರೆಯ ರೈತರೊಬ್ಬರು ಕೇಳಿದ್ದು. ಒಳ್ಳೆ ಪ್ರಶ್ನೆ. ಮುಂಗಾರಿನ ಈರುಳ್ಳಿಗೆ ಚಿತ್ರದುರ್ಗ ಜಿಲ್ಲೆ ರಾಜ್ಯದಲ್ಲೇ ಹೆಸರುವಾಸಿ. ರೇಟು ಬಿದ್ದ ವರ್ಷ ಹೊಲದಲ್ಲೇ ಬಿಟ್ಟು ಬರುವುದೂ ಇದೆ. ಅಂಥ ಊರಿನವರು ಅದೇ ವಸ್ತುವನ್ನು ಡಬ್ಬಿಯಲ್ಲಿ ಕೊಳ್ಳುತ್ತಾರೆ ಅಂದ್ರೆ ನನಗಂತೂ ಬೇಜಾರು.

ಲೆಕ್ಕ ನೋಡೋಣ. 100 ಗ್ರಾಂ ಕೆಂಪು ಈರುಳ್ಳಿಯಲ್ಲಿ ಸುಮಾರು 20ರಿಂದ 40 ಮಿಲಿಗ್ರಾಂ ಕ್ವೆರ್ಸೆಟಿನ್ ಇರುತ್ತದೆ. ಬಿಳಿ ಈರುಳ್ಳಿಯಲ್ಲಿ ಬಹಳ ಕಮ್ಮಿ. ಸಬ್ಬಸಿಗೆ ಮತ್ತು ಕೊತ್ತಂಬರಿ ಸೊಪ್ಪಿನಲ್ಲಿ 100 ಗ್ರಾಂಗೆ 50ರ ಆಸುಪಾಸು. ಸಿಪ್ಪೆ ಸಮೇತ ತಿಂದ ಸೇಬಿನಲ್ಲಿ 4 ಮಾತ್ರ. ಸೇಬಿಗೆ ಸಿಕ್ಕಿರುವ ಹೆಸರು ನಮ್ಮ ಸಬ್ಬಸಿಗೆಗೆ ಸಿಕ್ಕಿಲ್ಲ, ಅಲ್ವಾ? ಸಾಮಾನ್ಯ ಊಟದಲ್ಲಿ ದಿನಕ್ಕೆ 10ರಿಂದ 100 ಮಿಲಿಗ್ರಾಂ ಒಳಗೆ ಹೋಗುತ್ತದೆ. ಮಾತ್ರೆಯಲ್ಲಿ ಇರುವುದು 500. ಅಷ್ಟನ್ನು ಈರುಳ್ಳಿಯಿಂದಲೇ ಪಡೆಯಬೇಕಾದರೆ ದಿನಕ್ಕೆ ಒಂದೂಕಾಲು ಕಿಲೋದಿಂದ ಎರಡೂವರೆ ಕಿಲೋ ತಿನ್ನಬೇಕು. ಅದು ಆಗದ ಮಾತು.

ಆದರೆ ಇನ್ನೊಂದು ಸಂಗತಿ ಇದೆ. 1995ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಒಂದು ಅಧ್ಯಯನ ನಡೆಯಿತು. ಈರುಳ್ಳಿಯಲ್ಲಿದ್ದ ಕ್ವೆರ್ಸೆಟಿನ್‌ನಲ್ಲಿ ಶೇ. 52ರಷ್ಟು ದೇಹಕ್ಕೆ ಸೇರಿತು. ಶುದ್ಧ ಪುಡಿಯಾಗಿ ಕೊಟ್ಟಾಗ ಸೇರಿದ್ದು ಶೇ. 24 ಮಾತ್ರ. ಈರುಳ್ಳಿಯಲ್ಲಿ ಅದು ಸಕ್ಕರೆಯ ಅಂಶಕ್ಕೆ ಅಂಟಿಕೊಂಡಿರುತ್ತದೆ. ಸಣ್ಣ ಕರುಳು ಅದನ್ನು ಸಲೀಸಾಗಿ ಎಳೆದುಕೊಳ್ಳುತ್ತದೆ. ಜೊತೆಗೆ ಈರುಳ್ಳಿಯಲ್ಲಿ ನಾರು ಇದೆ, ಬೇರೆ ಒಳ್ಳೆ ಅಂಶಗಳೂ ಇವೆ.

ಆರೋಗ್ಯವಾಗಿ ಇರುವವರಿಗೆ ನನ್ನ ಮಾತು ಇಷ್ಟೇ. ರೊಟ್ಟಿ ಜೊತೆ ಹಸಿ ಈರುಳ್ಳಿ ಕಚ್ಚಿಕೊಳ್ಳಿ. ವಾರಕ್ಕೆರಡು ಸಲ ನುಗ್ಗೆ ಸೊಪ್ಪೋ ಸಬ್ಬಸಿಗೆಯೋ ಮಾಡಿ. ಮಂಡಕ್ಕಿ ಮೇಲೆ ಹೆಚ್ಚಿದ ಈರುಳ್ಳಿ ಇನ್ನೊಂದಿಷ್ಟು ಹಾಕಿಸಿಕೊಳ್ಳಿ, ಮಿರ್ಚಿ ಒಂದು ಕಮ್ಮಿ ಮಾಡಿ. ಮಾತ್ರೆಯ ಯೋಚನೆ ಆಮೇಲೆ.

ಬೇಯಿಸಿದರೆ, ಹುರಿದರೆ ಹೋಗಿಬಿಡುತ್ತಾ?

ಬಿಸಿಗೆ ಅಷ್ಟು ಬೇಗ ಹಾಳಾಗುವುದಿಲ್ಲ. ಬೇಯಿಸಿದಾಗ ಸ್ವಲ್ಪ ನೀರಿಗೆ ಇಳಿಯುತ್ತದೆ. ಸಾರು ಮಾಡಿದರೆ ಆ ನೀರನ್ನೂ ಉಣ್ಣುತ್ತೇವೆ, ಹಾಗಾಗಿ ನಷ್ಟವಿಲ್ಲ. ಬೇಯಿಸಿದ ನೀರು ಚೆಲ್ಲಬೇಡಿ. ಇನ್ನೊಂದು: ಈರುಳ್ಳಿಯ ಹೊರಗಿನ ಪದರಗಳಲ್ಲೇ ಕ್ವೆರ್ಸೆಟಿನ್ ಜಾಸ್ತಿ. ಒಣ ಸಿಪ್ಪೆ ತೆಗೆಯಿರಿ, ಅದರ ಕೆಳಗಿನ ರಸಭರಿತ ಪದರವನ್ನು ಕಿತ್ತು ಬಿಸಾಡಬೇಡಿ.

ಹಾಗಾದರೆ ಒಣ ಸಿಪ್ಪೆಯನ್ನೇ ಕುದಿಸಿ ಕಷಾಯ ಕುಡೀಬಹುದಲ್ಲ?

ವಿಡಿಯೊ ನೋಡಿ ಬಂದವರ ಪ್ರಶ್ನೆ. ಒಣ ಸಿಪ್ಪೆಯಲ್ಲಿ ಕ್ವೆರ್ಸೆಟಿನ್ ಬೇಕಾದಷ್ಟಿದೆ, ನಿಜ. ಆದರೆ ಬೆಳೆಗೆ ಹೊಡೆದ ಔಷಧಿ ಉಳಿಯುವುದೂ ಹೊರಗಿನ ಸಿಪ್ಪೆಯಲ್ಲೇ. ಗೋಡೌನ್‌ನಲ್ಲಿ ಇಟ್ಟ ಈರುಳ್ಳಿ ಮೇಲೆ ಕಪ್ಪು ಮಸಿ ಥರ ಕೂರುತ್ತದಲ್ಲ, ಅದು ಬೂಷ್ಟು. ಅದನ್ನು ಕುದಿಸಿ ಕುಡಿಯುವುದು ಯಾಕೆ? ಅಳತೆಯೂ ಗೊತ್ತಾಗುವುದಿಲ್ಲ. ನಾನಂತೂ ಬೇಡ ಅನ್ನುತ್ತೇನೆ.

ನಮ್ಮಪ್ಪಂಗೆ ಬಿ.ಪಿ. ಇದೆ. ಮಾತ್ರೆ ಬಿಟ್ಟು ಇದನ್ನ ಕೊಡಬಹುದಾ?

ಬೇಡವೇ ಬೇಡ. ಕಾರಣವನ್ನೂ ಹೇಳುತ್ತೇನೆ. ಕ್ವೆರ್ಸೆಟಿನ್‌ನ ಲಾಭಗಳಲ್ಲಿ ತಕ್ಕಮಟ್ಟಿಗೆ ಪುರಾವೆ ಇರುವುದು ಬಿ.ಪಿ. ವಿಷಯದಲ್ಲೇ. 2016ರಲ್ಲಿ ಏಳು ಪ್ರಯೋಗಗಳ, 587 ಜನರ ಲೆಕ್ಕವನ್ನು ಒಟ್ಟು ಮಾಡಿ ನೋಡಿದರು. ಮೇಲಿನ ಬಿ.ಪಿ. ಸರಾಸರಿ 3 ಪಾಯಿಂಟ್, ಕೆಳಗಿನದು ಎರಡೂವರೆ ಪಾಯಿಂಟ್‌ಗಿಂತ ಸ್ವಲ್ಪ ಜಾಸ್ತಿ ಇಳಿದಿತ್ತು. ದಿನಕ್ಕೆ 500 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತಗೊಂಡವರಲ್ಲಿ ಮೇಲಿನದು 4ಕ್ಕಿಂತ ಸ್ವಲ್ಪ ಜಾಸ್ತಿ ಇಳಿಯಿತು. 2007ರ ಇನ್ನೊಂದು ಅಮೆರಿಕದ ಅಧ್ಯಯನದಲ್ಲಿ 730 ಮಿಲಿಗ್ರಾಂ ಅನ್ನು 28 ದಿನ ಕೊಟ್ಟರು. ನಿಜವಾಗಿ ಬಿ.ಪಿ. ಇದ್ದವರಲ್ಲಿ ಇಳಿಯಿತು. ಗಡಿಯಲ್ಲಿದ್ದವರಲ್ಲಿ ಏನೂ ಆಗಲಿಲ್ಲ.

ಈಗ ಹೋಲಿಸಿ ನೋಡಿ. ಡಾಕ್ಟರ್ ಕೊಡುವ ಒಂದು ಸಾಮಾನ್ಯ ಬಿ.ಪಿ. ಮಾತ್ರೆ ಮೇಲಿನದನ್ನು ಸುಮಾರು 9 ಪಾಯಿಂಟ್ ಇಳಿಸುತ್ತದೆ. ಬೆಲೆ ನೋಡಿದರೆ ಅದೇ ಅಗ್ಗ. 160 ಇದ್ದವರಿಗೆ 3 ಪಾಯಿಂಟ್ ಇಳಿದರೆ 157. ಅಷ್ಟರಿಂದ ಪಾರ್ಶ್ವವಾಯು ತಪ್ಪುವುದಿಲ್ಲ. ಉಪ್ಪಿನಕಾಯಿ, ಸಂಡಿಗೆ, ಖಾರ ಮಂಡಕ್ಕಿಯ ಉಪ್ಪು ಕಮ್ಮಿ ಮಾಡಿದರೂ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತದೆ, ಅದಕ್ಕೆ ಡಬ್ಬಿ ಬೇಡ. ಬಿ.ಪಿ. ಮಾತ್ರೆ ಜೊತೆಗೆ ಇದನ್ನೂ ತಗೋತೀನಿ ಅನ್ನುವವರು ಡಾಕ್ಟರ್‌ಗೆ ತಿಳಿಸಿ. ಮನೆಯಲ್ಲಿ ಬಿ.ಪಿ. ನೋಡಿ ಬರೆದಿಟ್ಟುಕೊಳ್ಳಿ. ಎದ್ದು ನಿಂತಾಗ ತಲೆ ತಿರುಗಿದರೆ ನಿಲ್ಲಿಸಿ.

ಯೂರಿಕ್ ಆಸಿಡ್ ಕಮ್ಮಿ ಆಗುತ್ತಾ? ಹೆಬ್ಬೆರಳು ಊದಿಕೊಳ್ಳುತ್ತೆ.

ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. 22 ಗಂಡಸರಿಗೆ ದಿನಕ್ಕೆ 500 ಮಿಲಿಗ್ರಾಂನಂತೆ ನಾಲ್ಕು ವಾರ ಕೊಟ್ಟರು. ಯೂರಿಕ್ ಆಸಿಡ್ ಸುಮಾರು 0.45 ಇಳಿಯಿತು. ನಮ್ಮ ಲ್ಯಾಬ್ ರಿಪೋರ್ಟಿನ ಲೆಕ್ಕದಲ್ಲಿ 7 ಇದ್ದದ್ದು ಆರೂವರೆ ಚಿಲ್ಲರೆ ಆಯಿತು ಅಂದುಕೊಳ್ಳಿ. ಆದರೆ ಅವರು ಆರೋಗ್ಯವಂತರು, ಯೂರಿಕ್ ಆಸಿಡ್ ಸ್ವಲ್ಪ ಮೇಲ್ಮಟ್ಟದಲ್ಲಿ ಇದ್ದವರು. ಕಾಲು ಊದಿ ನರಳುವ ಗೌಟ್ ರೋಗಿಗಳಲ್ಲ. ನಿಮ್ಮ ಹೆಬ್ಬೆರಳು ಊದುತ್ತಿದೆ ಅಂದ್ರೆ ಡಾಕ್ಟರ್ ಹತ್ತಿರ ಹೋಗಿ. ಅಲೋಪ್ಯುರಿನಾಲ್, ಫೆಬುಕ್ಸೊಸ್ಟಾಟ್ ಬರೆದುಕೊಟ್ಟಿದ್ದರೆ ನಿಲ್ಲಿಸಬೇಡಿ.

ಶುಗರ್‌ಗೆ?

ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದೆ. ಮನುಷ್ಯರಲ್ಲಿ ಬೆಳಗಿನ ಖಾಲಿ ಹೊಟ್ಟೆ ಶುಗರ್ ಮೇಲೆ ನೆಚ್ಚಿಕೊಳ್ಳುವಂಥ ಪರಿಣಾಮ ಕಂಡಿಲ್ಲ. ದುಡ್ಡು ಉಳಿಸಿ.

ಮೂಗು ಸೋರುತ್ತೆ, ಸೀನು ನಿಲ್ಲಲ್ಲ. ಅಲರ್ಜಿಗೆ ಇದು ಬೆಸ್ಟ್ ಅಂತಾರಲ್ಲ?

ನಮ್ಮೂರಲ್ಲಿ ಈ ಪ್ರಶ್ನೆ ಬರದಿದ್ದರೇ ಆಶ್ಚರ್ಯ. ಮಂಡಕ್ಕಿ ಭಟ್ಟಿಯ ಹೊಗೆ, ಮೆಕ್ಕೆಜೋಳ ಒಕ್ಕುವಾಗಿನ ಧೂಳು, ಬೇಲಿ ಸಾಲಿನ ಕಾಂಗ್ರೆಸ್ ಗಿಡ, ಎಲ್ಲ ಒಟ್ಟಿಗೆ ಇವೆ. ಅಲರ್ಜಿ ಬಂದಾಗ ದೇಹದ ಕೆಲವು ಜೀವಕೋಶಗಳು ಹಿಸ್ಟಮಿನ್ ಅನ್ನುವ ವಸ್ತು ಚೆಲ್ಲುತ್ತವೆ. ಅದರಿಂದಲೇ ಸೀನು, ತುರಿಕೆ. ಪ್ರಯೋಗಶಾಲೆಯಲ್ಲಿ ಕ್ವೆರ್ಸೆಟಿನ್ ಆ ಚೆಲ್ಲುವಿಕೆಯನ್ನು ತಡೆಯುತ್ತದೆ. ಹಾಗಾಗಿ ಆಸೆ ಹುಟ್ಟಿದ್ದು ಸಹಜ. ಜನರ ಮೇಲೆ ನಡೆದಿರುವುದು ಸಣ್ಣ ಪುಟ್ಟ ಪ್ರಯೋಗಗಳು. ಜಪಾನ್‌ನಲ್ಲಿ ಸೀಡರ್ ಮರದ ಪರಾಗದ ಅಲರ್ಜಿ ಇದ್ದವರಿಗೆ ಕ್ವೆರ್ಸೆಟಿನ್‌ನ ಮಾರ್ಪಡಿಸಿದ ರೂಪವೊಂದನ್ನು ಕೊಟ್ಟು ನೋಡಿದರು. ಮುಖ್ಯವಾಗಿ ಕಣ್ಣಿನ ತುರಿಕೆ, ನೀರು ಸ್ವಲ್ಪ ಕಮ್ಮಿ ಆಯಿತು. ಅದು ನಮ್ಮಲ್ಲಿ ಸಿಗುವ ಸಾದಾ ಮಾತ್ರೆ ಅಲ್ಲ.

ಕಾಂಗ್ರೆಸ್ ಗಿಡ ತಾಗಿ ಕುತ್ತಿಗೆ, ಕೈ ಕಪ್ಪಾಗಿ ಚರ್ಮ ದಪ್ಪಗಾಗಿದೆ ಅಂತ ತೋರಿಸುವವರಿದ್ದಾರೆ. ಅದಕ್ಕೆ ಈ ಮಾತ್ರೆ ಮದ್ದಲ್ಲ. ಗಿಡ ಕೀಳುವಾಗ ತುಂಬುತೋಳಿನ ಅಂಗಿ, ಗ್ಲೌಸ್ ಹಾಕಿಕೊಳ್ಳಿ. ಚರ್ಮದ ಡಾಕ್ಟರ್‌ಗೆ ತೋರಿಸಿ.

ಉಬ್ಬಸ ಇದ್ದವರಿಗೆ ಒಂದು ಮಾತು. ಇನ್‌ಹೇಲರ್ ಬಿಟ್ಟು ಇದನ್ನು ಹಿಡಿಯಬೇಡಿ. ಭಟ್ಟಿ ಹತ್ತಿರ ಮನೆ ಇದ್ದವರಂತೂ ಬೇಡವೇ ಬೇಡ. ರಾತ್ರಿ ಉಸಿರು ಕಟ್ಟಿದಾಗ ಈ ಕ್ಯಾಪ್ಸೂಲ್ ಏನೂ ಮಾಡುವುದಿಲ್ಲ.

ಕೊರೊನಾ ಟೈಮಲ್ಲಿ ಇದನ್ನ ಜಿಂಕ್ ಜೊತೆ ತಗೊಳ್ಳಿ ಅಂದಿದ್ರಲ್ಲ? ಶೀತ, ಜ್ವರ ಬರಲ್ವಾ?

ಆಗ ಹೇಳಿದ ಬಹಳ ಮಾತುಗಳು ಪುರಾವೆಗಿಂತ ಮುಂದೆ ಓಡಿದ್ದವು. ಶೀತದ ಬಗ್ಗೆ ದೊಡ್ಡ ಪ್ರಯೋಗ ಒಂದಿದೆ. ಅಮೆರಿಕದಲ್ಲಿ 1002 ಜನರಿಗೆ 12 ವಾರ 500 ಅಥವಾ 1000 ಮಿಲಿಗ್ರಾಂ, ಇಲ್ಲವೇ ಔಷಧಿ ಇಲ್ಲದ ಖಾಲಿ ಮಾತ್ರೆ ಕೊಟ್ಟರು. ಫಲಿತಾಂಶ ಬಂದದ್ದು 2010ರಲ್ಲಿ. ಒಟ್ಟಾರೆ ನೋಡಿದರೆ ವ್ಯತ್ಯಾಸ ಇಲ್ಲ. 40 ವರ್ಷ ದಾಟಿದ, ಮೈಕಟ್ಟು ಚೆನ್ನಾಗಿದ್ದು 1000 ಮಿಲಿಗ್ರಾಂ ತಗೊಂಡವರಲ್ಲಿ ಮಾತ್ರ ಕಾಯಿಲೆ ಬಿದ್ದ ದಿನಗಳು ಸ್ವಲ್ಪ ಕಮ್ಮಿ. ಕೊರೊನಾ ಮೇಲೆ ನಡೆದ ಪ್ರಯೋಗಗಳು ಚಿಕ್ಕವು, ಅವುಗಳಿಂದ ಏನನ್ನೂ ಖಡಾಖಂಡಿತವಾಗಿ ಹೇಳಲಾಗದು.

ಫ್ಲೋರೈಡ್ ನೀರಿಗೆ ಇದು ಮದ್ದಂತೆ, ಹೌದಾ?

ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಿಂದ ಬರುವವರು ಕೇಳುತ್ತಾರೆ. ಎಲ್ಲೋ ಒಂದು ಸುದ್ದಿ ಓಡಾಡಿದೆ. ಇಲಿಗಳಿಗೆ ಫ್ಲೋರೈಡ್ ತಿನ್ನಿಸಿ, ಜೊತೆಗೆ ಕ್ವೆರ್ಸೆಟಿನ್ ಕೊಟ್ಟು, ಅಂಗಾಂಗಗಳಿಗೆ ಆಗುವ ಹಾನಿ ಕಮ್ಮಿ ಆಯಿತು ಅಂತ ತೋರಿಸಿದ ಪ್ರಯೋಗಗಳು ನಿಜವಾಗಿಯೂ ಇವೆ. ಆದರೆ ಅದು ಇಲಿ, ಅದೂ ಕೆಲವೇ ದಿನ. ಬೋರ್‌ವೆಲ್ ನೀರನ್ನು ವರ್ಷಗಟ್ಟಲೆ ಕುಡಿದು ಹಲ್ಲು ಕಂದಾದವರಿಗೆ, ಬೆನ್ನು ಬಾಗದೆ ಸೆಟೆದುಕೊಂಡವರಿಗೆ ಈ ಮಾತ್ರೆ ಕೊಟ್ಟು ಗುಣ ಮಾಡಿಲ್ಲ. ಮೂಳೆಯಲ್ಲಿ ಕೂತ ಫ್ಲೋರೈಡನ್ನು ಇದು ಹೊರಗೆ ಹಾಕುವುದಿಲ್ಲ.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ದಾರಿಯೇ ಇಲ್ಲದಿದ್ದರೆ 1.5 ತನಕ. ಇದು ನಮ್ಮ ದೇಶದ ಮಾನದಂಡ. ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಿ. ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಪಂಚಾಯ್ತಿಯಲ್ಲಿ ಗಲಾಟೆ ಮಾಡಿ. ಈ ಡಬ್ಬಿಗೆ ಹಾಕುವ ದುಡ್ಡಲ್ಲಿ ಎಷ್ಟು ಕ್ಯಾನ್ ಒಳ್ಳೆ ನೀರು ಬರುತ್ತದೆ ಅಂತ ಲೆಕ್ಕ ಹಾಕಿ. ಮಕ್ಕಳಿರುವ ಮನೆಯಲ್ಲಿ ಇದು ಮೊದಲ ಕೆಲಸ.

ಪೊಲೀಸ್ ಸೆಲೆಕ್ಷನ್‌ಗೆ ಓಡ್ತಿದೀನಿ. ಸ್ಟ್ಯಾಮಿನಾ ಬರುತ್ತಾ?

ಸ್ಟೇಡಿಯಂನಲ್ಲಿ ಬೆಳಗ್ಗೆ ಓಡುವ ಹುಡುಗರು, ಗರಡಿಮನೆಯ ಹುಡುಗರು ಕೇಳುವುದು. ಹಲವು ಪ್ರಯೋಗಗಳನ್ನು ಸೇರಿಸಿ ನೋಡಿದಾಗ ಲಾಭ ಕಂಡಿದ್ದು ಬಲು ಚಿಕ್ಕದು, ಗಡಿಯಾರದಲ್ಲಿ ಕಾಣದಷ್ಟು. ಇದು ನಿಷೇಧಿತ ಪಟ್ಟಿಯಲ್ಲಿ ಇಲ್ಲ. ಆದರೆ ಹೆಸರಿಲ್ಲದ ಕಂಪನಿಯ "ಎನರ್ಜಿ ಮಿಕ್ಸ್" ಡಬ್ಬಿಯಲ್ಲಿ ಬೇರೆ ಏನು ಬೆರೆಸಿದ್ದಾರೋ ಯಾರಿಗೆ ಗೊತ್ತು? ಆ ದುಡ್ಡಿಗೆ ಮೊಟ್ಟೆ, ಶೇಂಗಾ, ಬಾಳೆಹಣ್ಣು ತಿನ್ನಿ.

(ಪಕ್ಕಕ್ಕೆ ಕರೆದು ಕೇಳುವುದು) ಪ್ರಾಸ್ಟೇಟ್ ತೊಂದರೆಗೆ ಆಗುತ್ತಂತೆ?

ಒಂದು ಥರದ ತೊಂದರೆಗೆ ಮಾತ್ರ. ಸೋಂಕು ಇಲ್ಲದೆಯೇ ಕಿಬ್ಬೊಟ್ಟೆ, ತೊಡೆ ಸಂದಿಯಲ್ಲಿ ತಿಂಗಳುಗಟ್ಟಲೆ ನೋವು ಇರುವ ಗಂಡಸರಿದ್ದಾರೆ. 1999ರ ಒಂದು ಪುಟ್ಟ ಪ್ರಯೋಗದಲ್ಲಿ ಅಂಥವರಿಗೆ 500 ಮಿಲಿಗ್ರಾಂ ದಿನಕ್ಕೆರಡು ಸಲ ಒಂದು ತಿಂಗಳು ಕೊಟ್ಟರು. ಶೇ. 67 ಜನರಿಗೆ ಗುಣ ಕಂಡಿತು. ಖಾಲಿ ಮಾತ್ರೆ ತಗೊಂಡವರಲ್ಲಿ ಶೇ. 20 ಜನರಿಗೆ. ಒಟ್ಟು ಇದ್ದದ್ದು ಸುಮಾರು 30 ಜನ. ವಯಸ್ಸಾದ ಮೇಲೆ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರ ಕಟ್ಟುವುದು ಬೇರೆ. ಅದಕ್ಕೆ ಇದಲ್ಲ. ಮೂತ್ರದಲ್ಲಿ ರಕ್ತ ಬಂದರೆ ಅಂಗಡಿಗೆ ಬರಬೇಡಿ, ನೇರ ಡಾಕ್ಟರ್ ಹತ್ತಿರ ಹೋಗಿ. ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಕ್ಯಾನ್ಸರ್ ತಡೆಯುತ್ತೆ, ಮುಪ್ಪು ಮುಂದೂಡುತ್ತೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ.

ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ವಸ್ತುಗಳು ಸಾವಿರ ಇವೆ. ಮನುಷ್ಯರಲ್ಲಿ ಕ್ವೆರ್ಸೆಟಿನ್ ಕ್ಯಾನ್ಸರ್ ಗುಣ ಮಾಡಿದೆ ಅಂತ ತೋರಿಸಿಲ್ಲ. ತಿರುಗಿ ನೋಡಿದರೆ, ಅಮೆರಿಕದಲ್ಲಿ ಗಂಡು ಇಲಿಗಳಿಗೆ ಬಹಳ ದೊಡ್ಡ ಪ್ರಮಾಣದಲ್ಲಿ ಎರಡು ವರ್ಷ ತಿನ್ನಿಸಿದಾಗ ಕಿಡ್ನಿಯಲ್ಲಿ ಗಡ್ಡೆ ಕಂಡಿದ್ದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1999ರಲ್ಲಿ ಇದನ್ನು ಮೂರನೇ ಗುಂಪಿಗೆ ಹಾಕಿತು. ಅಂದ್ರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ಹೇಳಲು ಸಾಕಷ್ಟು ಆಧಾರ ಇಲ್ಲ. ಹೆದರಬೇಕಿಲ್ಲ, ಕುಣಿಯಬೇಕಾಗಿಯೂ ಇಲ್ಲ.

ಮುಪ್ಪಿನ ಸುದ್ದಿ ಬಂದದ್ದು ದಸಾಟಿನಿಬ್ ಅನ್ನುವ ಕ್ಯಾನ್ಸರ್ ಔಷಧಿಯ ಜೊತೆ ಕ್ವೆರ್ಸೆಟಿನ್ ಸೇರಿಸಿ ಮಾಡಿದ ಪ್ರಯೋಗಗಳಿಂದ. 2019ರಲ್ಲಿ ಪ್ರಕಟವಾದ ಮೊದಲ ಪ್ರಯೋಗದಲ್ಲಿ ಇದ್ದವರು ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆಯ 14 ರೋಗಿಗಳು. ಬರೀ ಕ್ವೆರ್ಸೆಟಿನ್ ನುಂಗಿ ಯಾರೂ ಚಿಕ್ಕವರಾಗಿಲ್ಲ. ಕೀಮೋ ನಡೆಯುತ್ತಿರುವವರು ಕ್ಯಾನ್ಸರ್ ಡಾಕ್ಟರ್‌ಗೆ ಹೇಳದೆ ಇದನ್ನು ಮುಟ್ಟಲೇಬಾರದು.

ಗಿಡದ್ದು ತಾನೇ? ಸೈಡ್ ಎಫೆಕ್ಟ್ ಎಲ್ಲಿಂದ ಬರುತ್ತೆ?

ಉಮ್ಮತ್ತಿಯೂ ಗಿಡವೇ. ಹಾರ್ಟ್‌ಗೆ ಕೊಡುವ ಡಿಗಾಕ್ಸಿನ್ ಕೂಡ ಒಂದು ಗಿಡದ ಎಲೆಯಿಂದಲೇ ಬಂದದ್ದು. ಅದರಲ್ಲಿ ಮಿಲಿಗ್ರಾಂನ ಹತ್ತನೇ ಒಂದು ಭಾಗ ಹೆಚ್ಚಾದರೂ ಡಾಕ್ಟರ್ ಗಾಬರಿ ಆಗುತ್ತಾರೆ.

ಊಟದಲ್ಲಿ ಸಿಗುವ ಕ್ವೆರ್ಸೆಟಿನ್‌ಗೆ ಭಯ ಬೇಡ. ಮಾತ್ರೆಯಾಗಿ ದಿನಕ್ಕೆ 1000 ಮಿಲಿಗ್ರಾಂ ತನಕ, 12 ವಾರದವರೆಗೆ ತಗೊಂಡ ಆರೋಗ್ಯವಂತರಲ್ಲಿ ದೊಡ್ಡ ತೊಂದರೆ ಕಂಡಿಲ್ಲ. ಕೆಲವರಿಗೆ ತಲೆನೋವು, ಹೊಟ್ಟೆ ತೊಳಸುವುದು, ಕೈಕಾಲು ಜುಂ ಅನ್ನುವುದು ಆಗುತ್ತದೆ. ರಕ್ತನಾಳಕ್ಕೆ ನೇರ ಚುಚ್ಚಿ ಜಾಸ್ತಿ ಕೊಟ್ಟಾಗ ಕಿಡ್ನಿಗೆ ಪೆಟ್ಟು ಬಿದ್ದಿದೆ. ಡ್ರಿಪ್‌ನಲ್ಲಿ ಇದನ್ನು ಹಾಕುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ.

ನಾನು ಬೇರೆ ಮಾತ್ರೆ ತಗೋತೀನಿ. ಯಾವುದರ ಜೊತೆ ಬೇಡ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುತ್ತೀರಾದರೆ ಇದನ್ನು ಓದಿ. ನಾವು ನುಂಗುವ ಎಷ್ಟೋ ಔಷಧಿಗಳನ್ನು ಕರುಳು ಮತ್ತು ಲಿವರ್‌ನ ಕಿಣ್ವಗಳು ಒಡೆಯುತ್ತವೆ. ಕೆಲವು ಔಷಧಿಗಳನ್ನು ಕರುಳಿನ ಗೋಡೆ ವಾಪಸ್ ಹೊರಗೆ ತಳ್ಳುತ್ತದೆ. ಡಾಕ್ಟರ್ ಡೋಸ್ ಬರೆಯುವಾಗ ಇದೆಲ್ಲ ಲೆಕ್ಕದಲ್ಲಿ ಇರುತ್ತದೆ. ಕ್ವೆರ್ಸೆಟಿನ್ ದೊಡ್ಡ ಪ್ರಮಾಣದಲ್ಲಿ ಹೋದರೆ ಈ ಲೆಕ್ಕ ತಪ್ಪಬಹುದು. ಆಗ ಅದೇ ಮಾತ್ರೆ ರಕ್ತದಲ್ಲಿ ಜಾಸ್ತಿ ಆಗುತ್ತದೆ, ಕೆಲವೊಮ್ಮೆ ಕಮ್ಮಿಯೂ ಆಗುತ್ತದೆ.

ಮೊದಲನೆಯದು, ರಕ್ತ ತೆಳುವಾಗಿಸುವ ಮಾತ್ರೆ. ವಾಲ್ವ್ ಬದಲಾಯಿಸಿಕೊಂಡವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು ವಾರ್ಫರಿನ್ ಅಥವಾ ಅಸಿನೋಕೌಮರಾಲ್ ತಗೋತಿರುತ್ತಾರೆ. ಇವೆರಡೂ ಸ್ವಲ್ಪ ಏರುಪೇರಾದರೂ ಕಷ್ಟ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಐ.ಎನ್.ಆರ್. ಟೆಸ್ಟ್ ಮಾಡಿಸುತ್ತಿರುವವರು ಯಾರೇ ಆಗಲಿ, ಕ್ವೆರ್ಸೆಟಿನ್ ಬೇಡ. ಒಸಡಲ್ಲಿ ರಕ್ತ, ಮೈಮೇಲೆ ನೀಲಿ ಕಲೆ ಕಂಡರೆ ತಕ್ಷಣ ಆಸ್ಪತ್ರೆ.

ಎರಡನೆಯದು ಡಿಗಾಕ್ಸಿನ್. 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹಂದಿಗಳಿಗೆ ಡಿಗಾಕ್ಸಿನ್ ಜೊತೆ ತೂಕದ ಕಿಲೋಗೆ 50 ಮಿಲಿಗ್ರಾಂನಂತೆ ಕ್ವೆರ್ಸೆಟಿನ್ ಕೊಟ್ಟರು. ಮೂರರಲ್ಲಿ ಎರಡು ಹಂದಿ ಅರ್ಧ ಗಂಟೆಯಲ್ಲಿ ಸತ್ತವು. ಅದು ಭಾರೀ ಪ್ರಮಾಣ, ಮನುಷ್ಯರು ಅಷ್ಟು ತಗೊಳ್ಳುವುದಿಲ್ಲ. ಆದರೂ ಡಿಗಾಕ್ಸಿನ್ ಇರುವ ಮನೆಗೆ ನಾನು ಈ ಡಬ್ಬಿ ಕೊಡುವುದಿಲ್ಲ.

ಮೂರನೆಯದು ಸೈಕ್ಲೊಸ್ಪೊರಿನ್. ಕಿಡ್ನಿ ಕಸಿ ಮಾಡಿಸಿಕೊಂಡವರ ಔಷಧಿ. ಕ್ವೆರ್ಸೆಟಿನ್ ತಗೊಂಡ ಆರೋಗ್ಯವಂತರಲ್ಲೇ ಇದರ ಮಟ್ಟ ಏರಿದ್ದು ಕಂಡಿದೆ. ಟ್ಯಾಕ್ರೊಲಿಮಸ್ ತಗೊಳ್ಳುವವರೂ ಇದೇ ಎಚ್ಚರಿಕೆಯಲ್ಲಿ ಇರಿ.

ಇನ್ನು ಅಲರ್ಜಿಯವರು. ನಿಮ್ಮಲ್ಲಿ ಬಹಳ ಜನ ಫೆಕ್ಸೊಫೆನಾಡಿನ್ ತಗೋತೀರಿ. ಅದರ ಜೊತೆಗೇ ಅಲರ್ಜಿಗೆ ಒಳ್ಳೇದು ಅಂತ ಕ್ವೆರ್ಸೆಟಿನ್ ಸೇರಿಸುತ್ತೀರಿ. ಕೊರಿಯಾದಲ್ಲಿ 2009ರಲ್ಲಿ ನೋಡಿದ್ದು ಇದನ್ನೇ. ದಿನಕ್ಕೆ ಮೂರು ಸಲ 500 ಮಿಲಿಗ್ರಾಂನಂತೆ ಒಂದು ವಾರ ಕ್ವೆರ್ಸೆಟಿನ್ ಕೊಟ್ಟ ಮೇಲೆ, ರಕ್ತಕ್ಕೆ ಸೇರಿದ ಫೆಕ್ಸೊಫೆನಾಡಿನ್ ಶೇ. 55ರಷ್ಟು ಹೆಚ್ಚಾಯಿತು. ಫೆಕ್ಸೊಫೆನಾಡಿನ್ ಸೌಮ್ಯ ಔಷಧಿ, ಹಾಗಾಗಿ ಅಪಾಯ ಆಗಲಿಲ್ಲ. ಅದರ ಜಾಗದಲ್ಲಿ ಬಿರುಸಿನ ಔಷಧಿ ಇದ್ದಿದ್ದರೆ? ನನ್ನ ಆತಂಕ ಇರುವುದು ಅಲ್ಲೇ.

ಕೊಲೆಸ್ಟರಾಲ್‌ನ ಸ್ಟಾಟಿನ್ ಮಾತ್ರೆ, ಎಚ್.ಐ.ವಿ. ಮಾತ್ರೆ, ಫಿಟ್ಸ್ ಮಾತ್ರೆ ತಗೊಳ್ಳುವವರು ಮೊದಲು ಡಾಕ್ಟರ್ ಕೇಳಿ. ಸಿಪ್ರೊಫ್ಲಾಕ್ಸಸಿನ್ ಜಾತಿಯ ಆಂಟಿಬಯಾಟಿಕ್ ಕೋರ್ಸ್ ನಡೆಯುತ್ತಿದ್ದರೆ ಅದು ಮುಗಿಯುವ ತನಕ ಕ್ವೆರ್ಸೆಟಿನ್ ನಿಲ್ಲಿಸಿ. ಅಂಗಡಿಗೆ ಬರುವಾಗ ಚೀಟಿ ಮರೆತರೂ ಪರವಾಗಿಲ್ಲ, ಖಾಲಿ ಸ್ಟ್ರಿಪ್ ತನ್ನಿ. "ಕೆಂಪು ಮಾತ್ರೆ, ಸಣ್ಣದು" ಅಂದರೆ ನನಗೆ ಗೊತ್ತಾಗುವುದಿಲ್ಲ.

ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆ ಜೊತೆ?

ಥೈರಾಯ್ಡ್ ಗ್ರಂಥಿಯ ಕೆಲಸವನ್ನು ಕ್ವೆರ್ಸೆಟಿನ್ ತಗ್ಗಿಸುವುದನ್ನು ಇಲಿಗಳಲ್ಲಿ ನೋಡಿದ್ದಾರೆ. ಥೈರಾಯ್ಡ್ ಕಮ್ಮಿ ಇರುವವರು ತಗೊಳ್ಳದಿರುವುದೇ ವಾಸಿ. ಡಾಕ್ಟರ್ ಒಪ್ಪಿದರೆ, ಬೆಳಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ, ಇದು ರಾತ್ರಿ ಊಟಕ್ಕೆ.

ಕಬ್ಬಿಣದ ವಿಷಯ ನಮ್ಮ ಹೆಣ್ಣುಮಕ್ಕಳಿಗೆ ಮುಖ್ಯ. ಕ್ವೆರ್ಸೆಟಿನ್ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಇಲಿಗಳಲ್ಲಿ ಕಬ್ಬಿಣ ಹೀರಿಕೊಳ್ಳುವುದು ಕಮ್ಮಿ ಆಗಿದೆ. ರಕ್ತ ಕಮ್ಮಿ ಇದೆ ಅಂತ ಮಾತ್ರೆ ತಗೋತಾ ಇದ್ದರೆ ಮೊದಲು ಹಿಮೋಗ್ಲೋಬಿನ್ ಸರಿಮಾಡಿಕೊಳ್ಳಿ. ಇದು ಆಮೇಲೆ.

ಬಸುರಿಯರು, ಬಾಣಂತಿಯರು, ಮಕ್ಕಳು?

ಬೇಡ. ಇವರ ಮೇಲೆ ಸುರಕ್ಷತೆಯ ಪರೀಕ್ಷೆ ನಡೆದಿಲ್ಲ. ಈರುಳ್ಳಿ, ಸೊಪ್ಪು ಧಾರಾಳವಾಗಿ ತಿನ್ನಲಿ. ಕಿಡ್ನಿ ಕಾಯಿಲೆ ಇದ್ದವರಿಗೂ ಬೇಡ.

ಡೋಸ್ ಎಷ್ಟು? ಯಾವಾಗ ತಗೋಬೇಕು?

ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಕೊಟ್ಟಿರುವುದು ದಿನಕ್ಕೆ 500ರಿಂದ 1000 ಮಿಲಿಗ್ರಾಂ. ನನ್ನ ಅಭಿಪ್ರಾಯ: ಡಾಕ್ಟರ್ ಒಪ್ಪಿಗೆ ಕೊಟ್ಟರೆ 500ರ ಮೇಲೆ ಹೋಗಬೇಡಿ. ಡಬ್ಬಿ ಮೇಲೆ ಅದಕ್ಕಿಂತ ಕಮ್ಮಿ ಬರೆದಿದ್ದರೆ ಅದೇ ನಿಮ್ಮ ಮಿತಿ. ಯಾವುದಕ್ಕೆ ಅಂತ ತಗೋತೀರೋ ಅದನ್ನು ಮೊದಲೇ ಅಳೆದಿಟ್ಟುಕೊಳ್ಳಿ, ಬಿ.ಪಿ. ಆಗಲಿ ಯೂರಿಕ್ ಆಸಿಡ್ ಆಗಲಿ. ಎಂಟು ವಾರ ಆದ ಮೇಲೆ ಮತ್ತೆ ಅಳೆಯಿರಿ. ವ್ಯತ್ಯಾಸ ಇಲ್ಲದಿದ್ದರೆ ನಿಲ್ಲಿಸಿ. ಇದ್ದರೂ 12 ವಾರದ ಮೇಲೆ ಸುಮ್ನೆ ಎಳೆದುಕೊಂಡು ಹೋಗಬೇಡಿ. ಅದಕ್ಕಿಂತ ಹೆಚ್ಚು ಕಾಲದ ಪರೀಕ್ಷೆಗಳು ಬಹಳ ಕಮ್ಮಿ.

ಊಟದ ಜೊತೆ ತಗೊಳ್ಳಿ. ನೀರಿನಲ್ಲಿ ಇದು ಕರಗುವುದೇ ಕಷ್ಟ, ಸ್ವಲ್ಪ ಜಿಡ್ಡು ಇದ್ದರೆ ಹೀರುವುದು ಸಲೀಸು. ಹಾಗಂತ ಬೆಣ್ಣೆ ದೋಸೆಯನ್ನು ಔಷಧಿ ಅಂತ ತಿನ್ನಬೇಡಿ. ನಮ್ಮೂರವರಿಗೆ ಇಷ್ಟು ನೆಪ ಸಿಕ್ಕರೆ ಸಾಕು. ದೇಹದಲ್ಲಿ ಇದು ಬೇಗ ಖಾಲಿ ಆಗುವುದಿಲ್ಲ. ಅರ್ಧ ಇಳಿಯಲು 11ರಿಂದ 28 ಗಂಟೆ ಬೇಕು. ಒಂದು ಹೊತ್ತು ಮರೆತರೆ ಮರೆತುಬಿಡಿ, ಮಾರನೇ ದಿನ ಎರಡೆರಡು ನುಂಗಬೇಡಿ.

ಫೈಟೊಸೋಮ್, ಬ್ರೊಮೆಲೈನ್, ಡೈಹೈಡ್ರೇಟ್ ಅಂತೆಲ್ಲ ಬರೆದಿರುತ್ತೆ. ಯಾವುದು ಒಳ್ಳೇದು?

ಡೈಹೈಡ್ರೇಟ್ ಅಂದ್ರೆ ನೀರಿನ ಅಂಶ ಸೇರಿದ ಸಾದಾ ರೂಪ. 500 ಮಿಲಿಗ್ರಾಂ ಡೈಹೈಡ್ರೇಟ್‌ನಲ್ಲಿ ನಿಜವಾದ ಕ್ವೆರ್ಸೆಟಿನ್ ಸುಮಾರು 447. ಫೈಟೊಸೋಮ್ ಅಂದ್ರೆ ಲೆಸಿಥಿನ್ ಅನ್ನುವ ಜಿಡ್ಡಿನ ಜೊತೆ ಬೆಸೆದದ್ದು. 2019ರ ಒಂದು ಅಧ್ಯಯನದಲ್ಲಿ ಅದು ಸಾದಾ ರೂಪಕ್ಕಿಂತ 20 ಪಟ್ಟು ತನಕ ಹೆಚ್ಚು ರಕ್ತಕ್ಕೆ ಸೇರಿತು. ಇಲ್ಲೇ ಹುಷಾರಾಗಿರಬೇಕು. ಸಾದಾ 500ರ ಬದಲು ಫೈಟೊಸೋಮ್ 500 ತಗೊಂಡರೆ ಎರಡೂ ಒಂದೇ ಅಲ್ಲ. ಮೇಲೆ ಹೇಳಿದ ಔಷಧಿ ತೊಂದರೆಗಳೂ ಹೆಚ್ಚಾಗಬಹುದು. ಬ್ರೊಮೆಲೈನ್ ಅನಾನಸ್‌ನಿಂದ ಬರುವ ಕಿಣ್ವ. ಅದರಿಂದ ದೊಡ್ಡ ಲಾಭ ಅಂತ ನನಗೆ ಅನ್ನಿಸಿಲ್ಲ. ರಕ್ತ ತೆಳುವಾಗಿಸುವ ಮಾತ್ರೆಯವರಿಗೆ ಅದೂ ಬೇಡ.

ಆಪರೇಷನ್ ಇದೆ, ಹಲ್ಲು ಕೀಳಿಸಬೇಕು. ನಿಲ್ಲಿಸಬೇಕಾ?

ಎರಡು ವಾರ ಮೊದಲೇ ನಿಲ್ಲಿಸಿ. "ಏನೇನು ಮಾತ್ರೆ ತಗೋತೀರಿ?" ಅಂತ ಕೇಳಿದಾಗ ಇದನ್ನೂ ಹೇಳಿ. ಇದು ಔಷಧಿ ಅಲ್ಲವಲ್ಲ ಅಂತ ಬಿಟ್ಟುಬಿಡುವವರೇ ಜಾಸ್ತಿ.

ಡಬ್ಬಿ ಕೊಳ್ಳುವಾಗ ಏನು ನೋಡಬೇಕು?

ನಮ್ಮ ದೇಶದಲ್ಲಿ ಇಂಥವು ಆಹಾರದ ಲೆಕ್ಕಕ್ಕೆ ಬರುತ್ತವೆ, ಔಷಧಿಯ ಲೆಕ್ಕಕ್ಕಲ್ಲ. ಹೆಲ್ತ್ ಸಪ್ಲಿಮೆಂಟ್, ನ್ಯೂಟ್ರಾಸ್ಯುಟಿಕಲ್ ನಿಯಮಗಳು 2016ರಲ್ಲಿ ಬಂದವು. ಡಬ್ಬಿ ಮೇಲೆ ಎಫ್.ಎಸ್.ಎಸ್.ಎ.ಐ. (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತು, 14 ಅಂಕಿಯ ಲೈಸೆನ್ಸ್ ನಂಬರ್, ಒಂದು ಮಾತ್ರೆಯಲ್ಲಿ ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಮೀರಬಾರದು, ಇವೆಲ್ಲ ಇರಬೇಕು. "ಔಷಧಿಯಾಗಿ ಬಳಸಲು ಅಲ್ಲ" ಅನ್ನುವ ಸಾಲೂ ಇಂಗ್ಲಿಷ್‌ನಲ್ಲಿ ಇರಲೇಬೇಕು. ಅದೇ ಡಬ್ಬಿಯ ಇನ್ನೊಂದು ಮಗ್ಗುಲಲ್ಲಿ "ಶುಗರ್ ಗುಣವಾಗುತ್ತದೆ" ಅಂತ ಬರೆದಿದ್ದರೆ ಅಲ್ಲೇ ಇಟ್ಟು ಬನ್ನಿ. "ಪ್ರೊಪ್ರೈಟರಿ ಬ್ಲೆಂಡ್" ಅಂತ ಬರೆದು ಒಳಗೆ ಯಾವುದು ಎಷ್ಟಿದೆ ಅಂತ ಹೇಳದ ಡಬ್ಬಿಯೂ ಬೇಡ. ಪುಡಿ ಹಳದಿಯಾಗಿಯೇ ಇರುತ್ತದೆ, ಬಣ್ಣ ನೋಡಿ ಅರಿಶಿನ ಬೆರೆಸಿದ್ದಾರೆ ಅಂತ ಜಗಳ ಮಾಡಬೇಡಿ.

ತಗೊಂಡ ಮೇಲೆ ತೊಂದರೆ ಆದರೆ ಯಾರಿಗೆ ಹೇಳಬೇಕು?

ಮೊದಲು ನಿಲ್ಲಿಸಿ. ಮುಖ ಊದಿದರೆ, ಉಸಿರು ಕಟ್ಟಿದರೆ, ರಕ್ತ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಡಬ್ಬಿಯನ್ನೂ ಒಯ್ಯಿರಿ. ಡಬ್ಬಿ ಮೇಲಿನ ಸುಳ್ಳು ಮಾತು, ಕಲಬೆರಕೆ ಬಗ್ಗೆ ದೂರು ಇದ್ದರೆ ಎಫ್.ಎಸ್.ಎಸ್.ಎ.ಐ. ಸಹಾಯವಾಣಿ 1800-11-2100. ಬೇರೆ ಔಷಧಿಯ ಜೊತೆ ಸೇರಿ ಏನಾದರೂ ಆಯಿತು ಅನ್ನಿಸಿದರೆ ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಸಹಾಯವಾಣಿ 1800-180-3024. ಎರಡಕ್ಕೂ ದುಡ್ಡಿಲ್ಲ. ಫೋನ್ ಮಾಡುವಾಗ ಬ್ಯಾಚ್ ನಂಬರ್ ಕೇಳುತ್ತಾರೆ. ಹಾಗಾಗಿ ಮಾತ್ರೆ ಮುಗಿಯುವ ತನಕ ಡಬ್ಬಿ ಎಸೆಯಬೇಡಿ, ಬಿಲ್ಲೂ ಅದರೊಳಗೇ ಇರಲಿ.